ಎಡಗಡೆಯ ಮುಂದಿನ ತೋಳು

ನಮ್ಮ ಹಿತ್ತಲ ಗೋಡೆಯ ಮೊಳೆಗೆ ತಂತಿಯಲ್ಲಿ ಪೋಣಿಸಿದ ಕರಿ ಪ್ಲಾಸ್ಟಿಕ್ ತುಂಡುಗಳ ಗೊಂಚಲೊಂದು ಜೋತಾಡುತ್ತಿರುತ್ತದೆ. ಹೊಸದಾಗಿ ಬಂದವರು ಅದನ್ನು ಮನೆಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದು ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅವು ರಿಮೋಟಿನಿಂದ ಓಡುವ ಆಟದ ಟ್ರಕ್ಕಿನ ತೋಳುಗಳು. ಗಾಲಿಯನ್ನು ಟ್ರಕ್ಕಿನ ಮೈಗೆ ಹಿಡಿದಿಡುವುದು, ಕಲ್ಲು ಹತ್ತಿದಾಗ ಗಾಲಿಯ ಜೊತೆ ಮೇಲೇಳುವುದು, ಇಳಿದಾಗ ಕೆಳಗಿಳಿಯುವುದು ಅವುಗಳ ಕೆಲಸ. ನನ್ನಂಥ ಐವತ್ತು ದಾಟಿದ ಗಣಿತದ ಮೇಡಂ ಅವನ್ನು ನೇತುಹಾಕಿ, ಬೇಕಾದಾಗ ಒಲೆಯ ಮೇಲೆ ಕುದಿಸುತ್ತಾಳೆ ಎಂದು ವಿವರಿಸುತ್ತ ಕೂತರೆ ಬಂದವರ ಚಹಾ ಆರಿಹೋಗುತ್ತದೆ. ಇಲ್ಲಿ ಚಹಾದ ತೊಂದರೆ ಇಲ್ಲವಾದ್ದರಿಂದ ಹೇಳುತ್ತೇನೆ.

ನಮ್ಮ ಮನೆ ವಾಡಿಯಲ್ಲಿ, ರೈಲು ನಿಲ್ದಾಣದಿಂದ ಸ್ವಲ್ಪ ಆಚೆ. ಮನೆಯಲ್ಲಿ ಮೂವರು: ನಾನು, ನಮ್ಮ ಯಜಮಾನರು, ಅವರ ತಾಯಿ. ಯಜಮಾನರು ಸಿಮೆಂಟ್ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಇನ್ನೂ ಚಿತ್ತಾಪುರದ ಹೈಸ್ಕೂಲಿಗೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ ಬರುತ್ತೇನೆ. ಅತ್ತೆಯವರ ತವರು ಚಿಂಚೋಳಿ ಕಡೆಯ ಚಿಮ್ಮನಚೋಡ. ಮಡಿ ಎಂದರೆ ಅವರೇ. ಅವರು ಮಡಿಯಲ್ಲಿರುವಾಗ ಅಡುಗೆಮನೆಯ ಹೊಸ್ತಿಲ ಮೇಲೆ ನನ್ನ ಸೆರಗು ಹಾರಿದರೂ ಒಳಗಿನಿಂದ ಒಂದು ಗುಟುರು ಕೇಳುತ್ತದೆ. ಮಾವನವರು ಬದುಕಿರುವಷ್ಟು ಕಾಲ ಮಠದಲ್ಲಿ ಪೂಜೆ ಮಾಡಿಕೊಂಡಿದ್ದವರು. ಹೀಗಾಗಿ ಊರಿನಲ್ಲಿ ನಮ್ಮ ಗುರುತಿಲ್ಲದವರಿಲ್ಲ. ಮುಂದೆ ಇದೇ ಒಂದು ಫಜೀತಿಯಾಯಿತು.

ನಿವೃತ್ತರಾದ ವರ್ಷವೇ ಯಜಮಾನರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಸಂಧ್ಯಾವಂದನೆಗೆ ಕೂತಿದ್ದರು. ಆಚಮನಕ್ಕೆ ನೀರು ಹಾಕಿಕೊಳ್ಳುವಾಗ ಎಡಗೈಯಲ್ಲಿದ್ದ ಉದ್ಧರಣೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಾಗಿದವರು ಹಾಗೆಯೇ ಎಡಕ್ಕೆ ವಾಲಿದರು. ಆ ಸಣ್ಣ ಚಮಚೆ ನೆಲದ ಮೇಲೆ ಉರುಳಿದ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ಸರಿಯಾಗಿತ್ತು, ಕೆಲವು ತಿಂಗಳಲ್ಲಿ ಕೈಯೂ ಬಂತು. ಕಾಲು ಮಾತ್ರ ಬರಲಿಲ್ಲ. ಎಡಗಾಲಿನ ಬೆರಳು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಅವರು ಅಂಗಳದಲ್ಲಿ ನಡೆದರೆ ಧೂಳಿನಲ್ಲಿ ಬಲಗಡೆಗೆ ಹೆಜ್ಜೆ ಮೂಡುತ್ತಿತ್ತು, ಎಡಗಡೆಗೆ ಉದ್ದನೆಯ ಗೆರೆ.

ಶಹಾಬಾದದಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: ದಿನಾ ನಡೆಯಬೇಕು, ಆ ಎಡಗಾಲನ್ನೇ ದುಡಿಸಬೇಕು. ಮೊದಲ ಒಂದೆರಡು ವರ್ಷದಲ್ಲಿ ಎಷ್ಟು ಬರುತ್ತದೋ ಅಷ್ಟೇ ಹೆಚ್ಚಾಗಿ ಬರುವುದು. ಈಗ ಕುರ್ಚಿ ಹಿಡಿದು ಕೂತರೆ ಆಮೇಲೆ ಕುರ್ಚಿ ಇವರನ್ನು ಬಿಡುವುದಿಲ್ಲ.

ಇವರೋ ಕುರ್ಚಿ ಹಿಡಿದೇ ಬಿಟ್ಟರು. ಮೊದಲೆರಡು ದಿನ ರಸ್ತೆಗೆ ಹೋಗಿದ್ದು ನಿಜ. ಗೇಟು ದಾಟಿದ ಕೂಡಲೇ ಒಬ್ಬರು ನಿಲ್ಲಿಸಿ ಹೇಗಿದ್ದೀರಿ ಎಂದು ಕೇಳಿದರಂತೆ. ಇನ್ನೊಬ್ಬರು ಕೇಳಿದರಂತೆ, ಮಠದ ಆಚಾರ್ಯರ ಮಗನಿಗೆ ಹೀಗಾಯಿತಲ್ಲ ಎಂದು ಮತ್ತೊಬ್ಬರು ಲೊಚಗುಟ್ಟಿದರಂತೆ. ಮೂರನೆಯ ದಿನದಿಂದ ಇವರು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಬೇವಿನ ಗಿಡ ನೋಡುತ್ತ ಕೂತರು. ನನ್ನ ಬಾಯಿ ಮೊದಲೇ ಜೋರು. ರೈಲಿನಿಂದ ಇಳಿದು ಬಂದವಳೇ ಶುರು ಮಾಡುತ್ತಿದ್ದೆ. ಇವರು ಪೇಪರು ಮುಖಕ್ಕೆ ಹಿಡಿಯುತ್ತಿದ್ದರು. ಗೋಡೆಯ ಜೊತೆ ಜಗಳ ಆಡಿ ಆಡಿ ನನಗೂ ಸಾಕಾಗಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅತ್ತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಸ್ನಾನಕ್ಕಿಂತ ಮುಂಚೆ, ಅಂಗಳದಲ್ಲಿದ್ದ ಆ ಗೆರೆಯನ್ನು ಗುಡಿಸಿಬಿಡುತ್ತಿದ್ದರು. ಮಗನ ಕಣ್ಣಿಗೆ ಅದು ಬೀಳಬಾರದು ಎಂಬುದು ಅವರ ಲೆಕ್ಕ.

ಹೀಗಿರುವಾಗ ಸೇಡಂನಿಂದ ನನ್ನ ತಮ್ಮ ಬಂದ. ಅವನು ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಆದರೆ ಜೀವವೆಲ್ಲ ಈ ರಿಮೋಟ್ ಟ್ರಕ್ಕುಗಳಲ್ಲಿ. ಅವನಂಥದೇ ತಲೆಕೆಟ್ಟ ಗೆಳೆಯರು ಒಂದಿಷ್ಟು ಮಂದಿ ಸೇರಿಕೊಂಡು ಭಾನುವಾರ ಕೋಡ್ಲಾ ಕಡೆಯ ಬಯಲಿನಲ್ಲೋ ಶಹಾಬಾದದ ಬಿಟ್ಟುಹೋದ ಕಲ್ಲುಗಣಿಯಲ್ಲೋ ಅವನ್ನು ಓಡಿಸುತ್ತಾರೆ. ಆ ದಿನ ಒಂದು ಹಳೆಯ ಟ್ರಕ್ಕನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಮೊಳ ಉದ್ದದ ಗಾಡಿ, ಮೈ ತುಂಬ ಗೀರು, ಗಾಲಿ ಮಾತ್ರ ದಪ್ಪ ದಪ್ಪ. ಹೊಸದು ಕೊಂಡಿದ್ದೇನೆ, ಹಳೆಯದನ್ನೂ ಮನೆಯಲ್ಲಿಟ್ಟರೆ ಹೆಂಡತಿ ನನ್ನನ್ನೇ ಹೊರಗೆ ಹಾಕುತ್ತಾಳೆ, ಇದು ನಿಮ್ಮ ಕಡೆ ಇರಲಿ ಭಾವ ಎಂದು ಇವರ ತೊಡೆಯ ಮೇಲೆ ರಿಮೋಟು ಇಟ್ಟು, ಮಂಡಕ್ಕಿಯ ಸುಸಲಾ ತಿಂದು, ಸಂಜೆಯ ರೈಲು ಹತ್ತಿದ. ನನಗೆ ಮೈಯೆಲ್ಲ ಉರಿಯಿತು. ಮನುಷ್ಯ ನಡೆಯಲಿ ಅಂದರೆ ಕೂತಲ್ಲೇ ಆಡುವ ಆಟಿಗೆ ತಂದುಕೊಡುತ್ತಾನಲ್ಲ ಎಂದು ಫೋನಿನಲ್ಲಿ ಅವನಿಗೆ ಚೆನ್ನಾಗಿ ಬೈದೆ.

ಮರುದಿನ ರಜೆ. ನಾನು ಭಕ್ಕರಿ ತಟ್ಟುತ್ತಿದ್ದೆ. ಇವರು ಕುರ್ಚಿಯಲ್ಲಿ ಕೂತೇ ಗಾಡಿಯನ್ನು ಹಿತ್ತಲ ಬಯಲಿಗೆ ಬಿಟ್ಟರು. ಆ ಬಯಲು ಯಾರದೋ ಖಾಲಿ ಜಾಗ. ನಡುವೆ ಬೇವಿನ ಗಿಡ, ಸುತ್ತ ಕಟ್ಟಡದವರು ಬಿಟ್ಟುಹೋದ ಶಹಾಬಾದ್ ಫರಸಿ ಕಲ್ಲಿನ ಚೂರುಗಳು. ಗಾಡಿ ಗಿಡದ ಆಚೆ ಹೋಗಿ ಫರಸಿಗೆ ಡಿಕ್ಕಿ ಹೊಡೆದು ಮಗುಚಿ ಬಿತ್ತು, ಗಾಲಿ ಮೇಲಾಗಿ ತಿರುಗತೊಡಗಿತು. ಇವರು ನನ್ನನ್ನು ಕೂಗಿದರು. ಕೈಯೆಲ್ಲ ಹಿಟ್ಟಾಗಿದೆ, ಬರಲಿಕ್ಕೆ ಆಗುವುದಿಲ್ಲ ಎಂದೆ. ಮತ್ತೆ ಕೂಗಿದರು. ನಾನು ಮತ್ತೆ ಹಾಗೆಯೇ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಕಿರ್ ಎಂದಿತು. ಕಿಟಕಿಯಿಂದ ನೋಡಿದರೆ ಇವರು ಕೋಲು ಊರಿಕೊಂಡು ಗಿಡದವರೆಗೂ ನಡೆದುಹೋಗುತ್ತಿದ್ದಾರೆ! ಹಂಚಿನ ಮೇಲಿದ್ದ ಭಕ್ಕರಿ ಸೀದುಹೋಯಿತು. ಹೋದರೆ ಹೋಗಲಿ ಎಂದು ನೋಡುತ್ತ ನಿಂತೆ.

ಆವತ್ತಿನಿಂದ ಗಾಡಿ ಮಗುಚಿದಾಗಲೆಲ್ಲ ನನ್ನ ಕೈ ಹಿಟ್ಟಿನಲ್ಲೋ ಸೋಪಿನ ನೀರಿನಲ್ಲೋ ಇರುತ್ತಿತ್ತು. ಅತ್ತೆಗೂ ಆಗಲೇ ಮಡಿ ನೆನಪಾಗುತ್ತಿತ್ತು. ನಾವಿಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ, ಆದರೆ ಕಣ್ಣು ಕಣ್ಣು ಕೂಡಿದಾಗ ನಗು ತಡೆಯುವುದು ಕಷ್ಟವಾಗುತ್ತಿತ್ತು. ಕೆಲವೇ ವಾರಗಳಲ್ಲಿ ಇವರು ಕುರ್ಚಿಗೇ ಹೋಗದೆ, ರಿಮೋಟನ್ನು ಕೊರಳಿಗೆ ನೇತುಹಾಕಿಕೊಂಡು, ಗಾಡಿಯ ಹಿಂದೆಯೇ ಗಿಡದ ಸುತ್ತ ಬೆಳಗಿನ ಹೊತ್ತು ಸುತ್ತತೊಡಗಿದರು. ಅಲ್ಲಿ ಹೇಗಿದ್ದೀರಿ ಎಂದು ಕೇಳುವವರು ಯಾರೂ ಇರಲಿಲ್ಲ.

ಆಗ ತೋಳು ಮುರಿಯಿತು. ಎಡಗಡೆಯ ಮುಂದಿನ ತೋಳು, ಬುಡದಲ್ಲಿ, ಕಬ್ಬಿಣದ ಪಿನ್ನು ತೂರಿಸುವ ತೂತಿನ ಹತ್ತಿರ ಲಟಕ್ಕನೆ. ಗಾಲಿ ಒಂದು ಕಡೆ ಜೋತುಬಿತ್ತು. ಇವರು ಗಾಡಿಯನ್ನು ಎತ್ತಿ ತಂದು ಕಟ್ಟೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಹೊಸ ತೋಳು ಹೈದರಾಬಾದಿನಿಂದ ಬರಬೇಕಿತ್ತು. ಬರುವ ತನಕ ಗೆರೆ ಕಾಣಿಸಲಿಲ್ಲ, ಹೆಜ್ಜೆಯೂ ಕಾಣಿಸಲಿಲ್ಲ. ಕುರ್ಚಿ ಬಿಟ್ಟು ಏಳಲೇ ಇಲ್ಲ ಈ ಮನುಷ್ಯ. ಗಾಡಿ ಇಲ್ಲದೆ ಬರೀ ನಡೆಯಿರಿ ಎಂದರೆ, ಯಾತಕ್ಕೆ, ಗಿಡ ಎಲ್ಲಾದರೂ ಓಡಿಹೋಗುತ್ತದೆಯೇ ಎಂದರು. ಆಗ ನನಗೆ ಒಂದು ಖಚಿತವಾಯಿತು: ಈ ಪ್ಲಾಸ್ಟಿಕ್ ತೋಳು ಗಟ್ಟಿ ಇದ್ದರೆ ನನ್ನ ಗಂಡ ನಡೆಯುತ್ತಾರೆ, ಮುರಿದರೆ ಕೂಡುತ್ತಾರೆ. ಡಾಕ್ಟರಮ್ಮ ಹೇಳಿದ ಒಂದೆರಡು ವರ್ಷ ಯಾರಿಗಾಗಿಯೂ ಕಾಯುವುದಿಲ್ಲ. ಅಂದಮೇಲೆ ತೋಳಿನ ವಿದ್ಯೆ ನಾನೇ ಕಲಿಯಬೇಕು.

ಕಲಿತೆ. ಮೊದಲು ಮುರಿದ ಜಾಗಕ್ಕೆ ಅಂಟು ಹಾಕಿ ಮೇಲೆ ಅಡುಗೆ ಸೋಡಾ ಉದುರಿಸಿದೆ. ಕಲ್ಲಿನ ಹಾಗೆ ಗಟ್ಟಿಯಾಯಿತು, ಮೊದಲ ಫರಸಿಗೇ ಮತ್ತೆ ಬಿಟ್ಟುಕೊಂಡಿತು. ಆ ಪ್ಲಾಸ್ಟಿಕ್ಕಿಗೆ ಅಂಟು ಒಗ್ಗುವುದೇ ಇಲ್ಲವೆಂದು ತಮ್ಮ ಆಮೇಲೆ ಹೇಳಿದ, ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ. ಆಮೇಲೆ ಸಣ್ಣ ತಂತಿಯನ್ನು ಕಾಯಿಸಿ ಬಿರುಕಿನ ಎರಡೂ ಬದಿಗೆ ಹೊಲಿಗೆಯ ಹಾಗೆ ಚುಚ್ಚಿ ಕೂರಿಸಿದೆ. ಇದು ಸ್ವಲ್ಪ ದಿನ ತಡೆಯಿತು. ತೋಳು ಸೊಟ್ಟಗಾಗಿದೆಯೋ ನೆಟ್ಟಗಿದೆಯೋ ನೋಡಲು ನಾನೇ ಒಂದು ದಾರಿ ಕಂಡುಕೊಂಡೆ. ನಮ್ಮ ಪಡಸಾಲೆಗೆ ಹಾಸಿದ್ದು ನುಣ್ಣಗೆ ತಿಕ್ಕಿದ ಫರಸಿ. ಅದರ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ, ತೋಳನ್ನು ಮೆತ್ತಗೆ ಇಟ್ಟು ಎತ್ತಬೇಕು. ನೆಟ್ಟಗಿದ್ದರೆ ತೋಳಿನ ತುಂಬ ಬಿಳಿ ಹತ್ತುತ್ತದೆ, ಸೊಟ್ಟಗಿದ್ದರೆ ಎರಡು ತುದಿಗೆ ಮಾತ್ರ. ಹಳೆಯದನ್ನೂ ಹೊಸದನ್ನೂ, ಎಡದ್ದನ್ನೂ ಬಲದ್ದನ್ನೂ ಪಕ್ಕಪಕ್ಕ ಒತ್ತಿ ನೋಡುತ್ತಿದ್ದೆ. ಬಾಗಿಲ ಮುಂದೆ ಹಾಕುವ ರಂಗೋಲಿ ಗಾಡಿಯ ತೋಳಿಗೆ ಹೋಯಿತೆಂದು ಅತ್ತೆ ಗೊಣಗಿದರೂ ಡಬ್ಬಿ ಖಾಲಿಯಾಗದ ಹಾಗೆ ತಾವೇ ತರಿಸಿಡುತ್ತಿದ್ದರು.

ಬೇಸಿಗೆಯಲ್ಲಿ ಮುರಿಯುವುದು ಹೆಚ್ಚಾಯಿತು. ನಮ್ಮ ಕಡೆಯ ಬಿಸಿಲಿಗೆ ಆ ಪ್ಲಾಸ್ಟಿಕ್ಕಿನ ಒಳಗಿನ ತೇವವೆಲ್ಲ ಆರಿ ಅದು ಹಪ್ಪಳದಂತಾಗುತ್ತದೆ, ನೀರಿನಲ್ಲಿ ಕುದಿಸಿದರೆ ಮತ್ತೆ ಬಳುಕುತ್ತದೆ ಎಂದು ತಮ್ಮ ಹೇಳಿದ. ಕುದಿಸುವುದು ಎಲ್ಲಿ? ಹಾದಿಯ ಧೂಳು ತುಳಿದ ಪ್ಲಾಸ್ಟಿಕ್ಕನ್ನು ಅಡುಗೆಮನೆಯ ಗ್ಯಾಸಿನ ಮೇಲೆ ಇಡುವ ಧೈರ್ಯ ನನಗಿರಲಿಲ್ಲ. ಅತ್ತೆ ಊರಿಗೆ ಹೋಗುವುದನ್ನೇ ಕಾಯೋಣವೆಂದುಕೊಂಡಿದ್ದೆ. ಅವರಿಗೆ ಹೇಗೆ ಗೊತ್ತಾಯಿತೋ, ಒಂದು ಬೆಳಿಗ್ಗೆ ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಮೇಲೆ ಹಳೆಯದೊಂದು ಭಗೋಣಿ ಇಟ್ಟು, ಇದು ಇನ್ನು ಒಳಗೆ ಬರುವ ಹಾಗಿಲ್ಲ, ನಿನ್ನದೇ ಎಂದರು. ಆಮೇಲೆ ತೋಳು ಕುದಿಯುವಾಗಲೆಲ್ಲ ದೂರದಲ್ಲಿ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಡಬು ಬೆಂದವೇನು ಎಂದು ಕೇಳುವುದು ಅವರ ರೂಢಿಯಾಯಿತು.

ತಮ್ಮ ಒಮ್ಮೆ ಅಲ್ಯೂಮಿನಿಯಂ ತೋಳು ತಂದು ಹಾಕಿದ. ಥಳಥಳ ಹೊಳೆಯುತ್ತಿತ್ತು, ಇನ್ನು ಇದು ಜನ್ಮದಲ್ಲಿ ಮುರಿಯುವುದಿಲ್ಲ ಎಂದ. ಅವನ ಮಾತು ಸುಳ್ಳಾಗಲಿಲ್ಲ, ತೋಳು ಮುರಿಯಲಿಲ್ಲ. ಅದು ಬಾಗದೆ ಬಳುಕದೆ ಪೆಟ್ಟನ್ನೆಲ್ಲ ಒಳಗೆ ಕಳಿಸಿದ್ದರಿಂದ ತೋಳು ಕೂರುವ ಗಾಡಿಯ ಎದೆಯೇ ಸೀಳಿತು. ಗಾಡಿ ರಿಪೇರಿಗೆಂದು ಸೇಡಂಗೆ ಹೋಗಿ ದಸರಾದ ತನಕ ಅಲ್ಲೇ ಉಳಿಯಿತು. ಅಷ್ಟು ದಿನ ಇವರು ಕುರ್ಚಿ, ನಾನು ಬಚ್ಚಲು. ಗಾಡಿ ಬಂದ ದಿನ ಎದ್ದು ನಿಂತರೆ ಗೆರೆ ಮೊದಲಿನಷ್ಟೇ ಉದ್ದವಾಗಿತ್ತು. ಆ ಅಲ್ಯೂಮಿನಿಯಂ ತುಂಡನ್ನು ನಾನು ಬಾವಿಗೆ ಎಸೆದೆ, ತಮ್ಮ ಈಗಲೂ ಅದನ್ನು ಕೇಳುತ್ತಿರುತ್ತಾನೆ.

ಮತ್ತೆ ಪ್ಲಾಸ್ಟಿಕ್ ತೋಳಿಗೇ ಬಂದೆವು. ತೋಳುಗಳು ಮಾರಾಟಕ್ಕೆ ಬರುವುದು ಜೋಡಿಯಾಗಿ, ಎಡದ್ದೊಂದು ಬಲದ್ದೊಂದು. ಪ್ರತಿ ಸಲವೂ ಮುರಿಯುತ್ತಿದ್ದುದು ಎಡದ್ದೇ. ಹಾಗಾಗಿ ಹೊಚ್ಚ ಹೊಸ ಬಲದ ತೋಳುಗಳು ಉಳಿದು ಉಳಿದು ಹಿತ್ತಲ ಮೊಳೆಗೆ ಗೊಂಚಲಾದವು. ಎಡದ್ದರ ಅಚ್ಚೇ ಸರಿ ಇಲ್ಲ, ಕಂಪನಿಯವರು ಮೋಸ ಮಾಡಿದ್ದಾರೆ ಎಂಬುದು ನನ್ನ ಗುಮಾನಿ. ರಂಗೋಲಿಯಲ್ಲಿ ಒತ್ತಿದೆ, ತೂಕ ನೋಡಿದೆ, ದಪ್ಪ ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಸಿಗಲಿಲ್ಲ. ಅಷ್ಟರಲ್ಲಿ ತಮ್ಮ ಕೆಟ್ಟ ಸುದ್ದಿ ತಂದ: ಈ ಹಳೆಯ ಮಾದರಿಯ ತೋಳು ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಹೈದರಾಬಾದಿನಲ್ಲಿ ಸಿಕ್ಕ ಕೊನೆಯ ಜೋಡಿ ಇದೇ ಎಂದು ಕೈಗೆ ಕೊಟ್ಟ. ಹೊಸ ಗಾಡಿಯನ್ನೇ ತಂದುಕೊಡುತ್ತೇನೆ ಎಂದೂ ಅಂದ. ಅದಕ್ಕೆ ಇವರು ಒಪ್ಪಲಿಲ್ಲ. ಹೊಸದು ಭರ್ ಎಂದು ಓಡುತ್ತದೆ, ಅದರ ಹಿಂದೆ ನಾನು ಹೋಗಲಾರೆ, ಇದು ನನ್ನ ಹಾಗೆಯೇ ಸಾವಕಾಶ ಹೋಗುತ್ತದೆ ಎಂದರು. ಅದು ಹಟದ ಮಾತಾಗಿರಲಿಲ್ಲ.

ಆ ರಾತ್ರಿ ನಮ್ಮಲ್ಲೇ ಉಳಿದ ತಮ್ಮ ಮರುದಿನ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ಇವರು ಗಾಡಿ ಓಡಿಸುವುದನ್ನು ನೋಡುತ್ತ ನಿಂತಿದ್ದ. ಬಾಯಿ ಮುಕ್ಕಳಿಸಿ ಬಂದು ನನ್ನನ್ನು ಕರೆದ.

"ಅಕ್ಕ, ಭಾವ ಯಾವಾಗ್ಲೂ ಬಲಕ್ಕೇ ಸುತ್ತತಾರೇನು? ಹೊರಳಿ ಎಡಕ್ಕ ಒಮ್ಮೆನೂ ಬರಂಗಿಲ್ಲಲ್ಲ. ಗಾಡಿ ಬಲಕ್ಕ ತಿರಗಿದ್ರ ಭಾರ ಎಲ್ಲಾ ಎಡಗಾಲಿ ಮ್ಯಾಲ ಬೀಳ್ತದ. ಅದಕ್ಕ ಅದು ಮುರೀಲಿಕತ್ತದ."

ನಾನು ಹಣೆ ಚಚ್ಚಿಕೊಂಡೆ. ಪ್ರದಕ್ಷಿಣೆ! ಹುಟ್ಟಿದಾಗಿನಿಂದ ಮಠದ ಅಂಗಳದಲ್ಲಿ ಆಡಿದ ಜೀವ. ತುಳಸಿಕಟ್ಟೆಯಾಗಲಿ, ದೇವರ ಗುಡಿಯಾಗಲಿ, ಸುತ್ತಬೇಕಾದರೆ ಬಲಕ್ಕೇ ಸುತ್ತುವುದು. ಎಡಕ್ಕೆ ಸುತ್ತುವುದು ನಮ್ಮಲ್ಲಿ ಅಶುಭದ ಕೆಲಸಕ್ಕೆ ಮಾತ್ರ. ಇವರ ಕಾಲು ಬೇವಿನ ಗಿಡವನ್ನೂ ದೇವರು ಮಾಡಿಕೊಂಡಿದೆ. ಅದರಿಂದ ಎಡದ ತೋಳುಗಳೆಲ್ಲ ಒಂದೊಂದಾಗಿ ಕಸಕ್ಕೆ ಹೋಗಿವೆ. ಮಡಿಯವರ ಮನೆಗೆ ಬಂದ ಗಾಡಿಗೂ ಮಡಿಯವರ ಕಷ್ಟವೇ ಬಂತಲ್ಲ ಎಂದು ನಗುವೂ ಬಂತು. ದಾರಿ ಸುಲಭವಾಗಿತ್ತು, ದಿಕ್ಕು ಬದಲಿಸಿದರೆ ಸಾಕು. ಕೊನೆಯ ತೋಳು ವರ್ಷಗಟ್ಟಲೆ ಬಾಳುತ್ತದೆ.

ಆವತ್ತೇ ಇವರಿಗೆ ಹೇಳಿದೆ. ಹೂಂ ಅಂದರು. ಮರುದಿನ ನೋಡಿದರೆ ಮತ್ತೆ ಬಲಕ್ಕೇ. ನಾನು ಕೂಗಾಡಿದೆ. ಗಿಡಕ್ಕೇನು ಪ್ರಾಣಪ್ರತಿಷ್ಠೆ ಆಗಿದೆಯೇ ಎಂದು ಕೇಳಿದೆ. ಇವರು ಮುಗುಳ್ನಕ್ಕು ರಿಮೋಟನ್ನು ಕೊರಳಿಗೆ ಹಾಕಿಕೊಂಡರು. ಕೊನೆಗೆ ಅತ್ತೆಯ ಮುಂದೆ ದೂರು ಒಯ್ದೆ. ಅವರು ಎಡಕ್ಕೆ ಸುತ್ತಲು ಒಪ್ಪುವುದುಂಟೇ ಎಂಬ ಅನುಮಾನ ಇದ್ದೇ ಇತ್ತು, ಆದರೆ ಮಗನ ಮೇಲೆ ಅವರದೊಂದೇ ಮಾತು ನಡೆಯುತ್ತಿತ್ತು. ಅವರು ಜಪದ ಮಣಿ ಕೆಳಗಿಟ್ಟರು. ಆಮೇಲೆ ಮಗನನ್ನು ಕರೆದು ಹೇಳಿದರು.

"ಎಡಕ್ಕ ಸುತ್ತಪಾ. ದೇವ್ರಿಗೆ ನಾ ಹೇಳ್ತೀನಿ. ಇಷ್ಟು ವರ್ಷ ಅವನ ಸೇವಾ ಮಾಡೀವಿ, ಇಷ್ಟಕ್ಕ ಸಿಟ್ಟಾಗಂಗಿಲ್ಲ ಅಂವ."

ಅತ್ತೆಯಂಥ ಅತ್ತೆ ದೇವರ ಹತ್ತಿರ ಮಾತಾಡುತ್ತೇನೆ ಎಂದ ಮೇಲೂ ಈ ಮನುಷ್ಯ ಮರುದಿನ ಬಲಕ್ಕೇ ಸುತ್ತಿದರು. ತೋಳಿನ ಬುಡದಲ್ಲಿ ಕೂದಲಿನಂಥ ಬಿಳಿಯ ಬಿರುಕು ಕಾಣಿಸಿತು. ನನ್ನ ತಲೆ ಕೆಟ್ಟುಹೋಯಿತು. ಗಾಡಿಯನ್ನು ಎತ್ತಿಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎಡಕ್ಕೆ ಸುತ್ತುವುದಾದರೆ ಬೀಗ ತೆಗೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ.

ಭಾನುವಾರ ಬೆಳಿಗ್ಗೆ ಇವರು ಆಗಲಿ ನಡಿ ಎಂದರು. ನಾನೂ ಜೊತೆಗೆ ಹೋದೆ. ಇವರು ಗಾಡಿಯನ್ನು ಎಡಕ್ಕೆ ತಿರುಗಿಸಿ, ಗಿಡವನ್ನು ಎಡಗಡೆ ಇಟ್ಟುಕೊಂಡು, ಒಂದು ಸುತ್ತು ಬಂದರು. ಗಾಡಿ ಎಷ್ಟು ಚಂದ ಓಡಿತು! ಎಡದ ತೋಳು ಅಲುಗಲೂ ಇಲ್ಲ. ನೋಡಿದಿರಾ, ನೋಡಿದಿರಾ ಎಂದು ನಾನು ಕೈ ತಟ್ಟಿದೆ. ಇವರು ನಿಂತರು, ಕೋಲಿನ ತುದಿಯಿಂದ ನೆಲ ತೋರಿಸಿದರು.

ಧೂಳಿನಲ್ಲಿ ಗೆರೆ ಇತ್ತು. ಗಿಡದ ಸುತ್ತ ಒಂದೇ ಸಮನೆ, ಎಲ್ಲೂ ಕಡಿಯದ ಗೆರೆ. ಅದರ ಪಕ್ಕದಲ್ಲೇ ನಾನು ಗಾಡಿಗೆ ಬೀಗ ಹಾಕುವ ಮೊದಲು ಬಲಕ್ಕೆ ಸುತ್ತಿದ ಗುರುತು ಇನ್ನೂ ಅಳಿಸದೆ ಉಳಿದಿತ್ತು. ಅಲ್ಲಿ ಗೆರೆ ತುಂಡು ತುಂಡಾಗಿತ್ತು. ಒಂದು ಗೇಣು ಗೆರೆ, ಆಮೇಲೆ ಖಾಲಿ, ಮತ್ತೆ ಅರ್ಧ ಗೇಣು. ಖಾಲಿ ಇದ್ದಲ್ಲೆಲ್ಲ ಇವರ ಎಡಗಾಲು ನೆಲ ಬಿಟ್ಟು ಎದ್ದಿತ್ತು.

"ಬಲಕ್ಕ ಸುತ್ತಿದ್ರ ಎಡಗಾಲು ಹೊರಗಿನ ಬಾಜೂಕ್ಕ ಬರ್ತದ," ಎಂದರು ಇವರು. "ಹೊರಗಿನ ಕಾಲು ದೊಡ್ಡ ಹೆಜ್ಜಿ ಇಡಲೇಬೇಕು, ಎತ್ತಲೇಬೇಕು. ಎಡಕ್ಕ ಸುತ್ತಿದ್ರ ಅದು ಒಳಗ ಬಂದು ಮೈಗಳ್ಳ ಆಗ್ತದ. ಗಾಡಿ ತೋಳು ಮುರದ್ರ ನೀ ಕುದಿಸಿ ಹಾಕ್ತಿ. ನನ್ನ ಕಾಲು ಯಾವ ಭಗೋಣ್ಯಾಗ ಕುದಿಸ್ತಿ?"

ದೊಡ್ಡ ವೃತ್ತದ ಸುತ್ತಳತೆ ದೊಡ್ಡದು ಎಂದು ನಾನು ಚಿತ್ತಾಪುರದಲ್ಲಿ ವರ್ಷ ವರ್ಷವೂ ಹಲಗೆಯ ಮೇಲೆ ಬರೆಯುತ್ತೇನೆ. ನನ್ನ ಹಿತ್ತಲಲ್ಲಿ ಇವರು ಅದನ್ನೇ ಕಾಲಿನಿಂದ ಬರೆಯುತ್ತಿದ್ದಾಗ ಪ್ರದಕ್ಷಿಣೆ, ಮಠ, ಮಡಿ ಎಂದು ನಕ್ಕಿದ್ದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೂ ಜಗಳದ ದನಿಯಲ್ಲೇ ಹೊರಬಂತು.

ಇವರು ನನ್ನನ್ನು ನೋಡಲಿಲ್ಲ, ಗಾಡಿಯನ್ನು ನೋಡುತ್ತ ಹೇಳಿದರು: "ಹೇಳಿದ್ರ ನೀ ಆಸೆ ಇಟ್ಕೋತಿದ್ದಿ. ಆಮ್ಯಾಲ ಕಾಲು ಬರ್ಲಿಲ್ಲಂದ್ರ ನಿನ್ನ ಮಾರಿ ನೋಡೂ ಧೈರ್ಯ ನನಗಿಲ್ಲ."

ಕುರ್ಚಿಯಲ್ಲಿ ಕೂತು ಪೇಪರು ಹಿಡಿದಾಗಲೂ ಇದೇ ಇತ್ತೇನೋ. ನನಗೆ ಹಟವಾಗಿ ಕಂಡಿದ್ದೆಲ್ಲ ಇವರ ಹೆದರಿಕೆಯಾಗಿತ್ತು. ಅದೂ ಸ್ವಂತ ಕಾಲಿನ ಬಗ್ಗೆ ಅಲ್ಲ, ನನ್ನ ಬಗ್ಗೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆಯೂ ಈ ಮನುಷ್ಯನ ಮೇಲೆ ಹೀಗೆ ಪ್ರೀತಿ ಉಕ್ಕುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಬಲಕ್ಕೇ ಸುತ್ತಿರಿ, ತೋಳು ನನಗೆ ಬಿಡಿರಿ ಎಂದಷ್ಟೇ ಹೇಳಿ ಒಳಗೆ ಬಂದೆ.

ಹೇಳಿಬಿಟ್ಟೆ, ಆದರೆ ತೋಳು ಎಲ್ಲಿದೆ? ಬಿರುಕುಬಿಟ್ಟ ಆ ಕೊನೆಯದು ಅದೇ ವಾರ ಮುರಿಯಿತು. ಪಡಸಾಲೆಯ ಫರಸಿಯ ಮೇಲೆ ರಂಗೋಲಿ ಉದುರಿಸಿ, ಮುರಿದ ಎಡದ ತುಂಡುಗಳನ್ನು ಕೂಡಿಸಿಟ್ಟು, ಗೊಂಚಲಿನಿಂದ ಬಲದ್ದೊಂದನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಕೂತೆ. ಎಡದ್ದು, ಬಲದ್ದು. ನನ್ನ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ್ದೆ. ಹಾಗೆಯೇ ನೋಡುತ್ತ ಬಲಗೈಯನ್ನು ಅಂಗಾತ ಮಾಡಿದೆ. ಹೆಬ್ಬೆರಳು ಆ ಕಡೆಯಿಂದ ಈ ಕಡೆಗೆ ಬಂತು. ಅಂಗಾತ ಮಾಡಿದ ಬಲಗೈ ಬೋರಲು ಎಡಗೈಯ ಆಕಾರಕ್ಕೆ ಬಂದಿತ್ತು. ಬಲದ ತೋಳನ್ನು ಮಗುಚಿ ರಂಗೋಲಿಯ ಮೇಲೆ, ಎಡದ್ದರ ಗುರುತಿನ ಮೇಲೆಯೇ ಇಟ್ಟೆ. ಅಂಚಿಗೆ ಅಂಚು ಬರೋಬರಿ ಕೂತಿತು.

ಪಿನ್ನಿನ ತೂತೆಲ್ಲ ಸರಿ ಇತ್ತು. ತೊಂದರೆ ಒಂದೇ, ಕುಲುಕಾಟ ತಡೆಯುವ ಸ್ಪ್ರಿಂಗು ಕೂರುವ ಜಾಗ ಈಗ ಮೇಲಿರುವ ಬದಲು ತಳಕ್ಕೆ ಹೋಗಿತ್ತು. ತಳದ ಆ ಉಬ್ಬನ್ನು ಕೆತ್ತಿ ತೆಗೆದು, ಮೇಲುಗಡೆ ಕಾದ ಸಲಾಕೆಯಿಂದ ತೂತು ಮಾಡಿದೆ. ಮೊದಲನೆಯದು ತೂತು ಮಾಡುವಾಗಲೇ ಸೀಳಿತು, ಒಣಗಿತ್ತು. ಎರಡನೆಯದನ್ನು ಮೊದಲು ಕುದಿಸೋಣವೆಂದು ಹಿತ್ತಲಿಗೆ ಹೋದರೆ ಒಲೆಯ ಮೇಲೆ ಭಗೋಣಿ ಆಗಲೇ ಕುದಿಯುತ್ತಿತ್ತು. ಅತ್ತೆ ಮಡಿಸೀರೆಯಲ್ಲೇ ಒಲೆಯ ಮುಂದೆ ಕೂತಿದ್ದರು. ಮಡಿ ಹೋಯಿತಲ್ಲ ಅತ್ತಿ ಎಂದೆ. ಮತ್ತೆ ಸ್ನಾನ ಮಾಡಿದರಾಯಿತು, ನೀ ಜಲ್ದಿ ಹಾಕು ಎಂದರು. ಕಡಬಿನ ಮಾತು ಆವತ್ತು ಬರಲಿಲ್ಲ.

ಆ ತೋಳು ತಡೆಯಿತು. ಅದು ಮುರಿದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಇಷ್ಟು ದಿನ ಕೆಲಸಕ್ಕೆ ಬಾರದೆಂದು ಮೊಳೆಗೆ ನೇತುಹಾಕಿದ್ದ ಬಲದ ತೋಳುಗಳೆಲ್ಲ ಒಂದೊಂದಾಗಿ ಮಗುಚಿ ಎಡಕ್ಕೆ ಹೋದವು. ತಮ್ಮ ಬಂದು ನೋಡಿ ತನ್ನ ಗೆಳೆಯರ ಕಡೆ ಬಿದ್ದಿದ್ದ ಬಲದವನ್ನೂ ಒಟ್ಟು ಮಾಡಿ ತಂದ. ಗೊಂಚಲು ಮತ್ತೆ ತುಂಬಿತು. ನಾನು ರಜೆಯ ದಿನಗಳಲ್ಲಿ ಇವರ ಎಡಕ್ಕೆ ನಡೆಯುತ್ತೇನೆ. ಎಲ್ಲರಿಗಿಂತ ಹೊರಗಿನ ಸುತ್ತು ನನ್ನದೇ ಆದ್ದರಿಂದ ನನಗೇ ಏದುಸಿರು ಬರುತ್ತದೆ, ಇವರಿಗೆ ಅದೊಂದು ಖುಷಿ.

ಒಂದೇ ಸಲಕ್ಕೆ ಏನೂ ಆಗಲಿಲ್ಲ. ಗೆರೆ ಗೇಣಾಯಿತು, ಬೆರಳಾಯಿತು, ಕೆಲವು ದಿನ ಮತ್ತೆ ಉದ್ದವಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ನಾನು ರೈಲಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅತ್ತೆ ಎಂದಿನಂತೆ ಕಸಬರಿಗೆ ಹಿಡಿದು ಅಂಗಳಕ್ಕೆ ಇಳಿದಿದ್ದರು, ಆದರೆ ಗುಡಿಸುವ ಸಪ್ಪಳವೇ ಇಲ್ಲ. ಏನಾಯಿತೋ ಎಂದು ಹೊರಗೆ ಬಂದೆ. ಅವರು ಬಗ್ಗಿ ನಿಂತಿದ್ದರು. ಹಿಂದಿನ ಸಂಜೆ ಇವರು ಗೇಟಿನ ತನಕ ಹೋಗಿ ಬಂದಿದ್ದ ಗುರುತು ಧೂಳಿನಲ್ಲಿತ್ತು. ಬಲಗಡೆಗೆ ಹೆಜ್ಜೆ, ಎಡಗಡೆಗೂ ಹೆಜ್ಜೆ, ಐದೂ ಬೆರಳು ಬಿಡಿಬಿಡಿಯಾಗಿ ಮೂಡಿದ ಹೆಜ್ಜೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಅಂಗಳ ಗುಡಿಸದೆ ಬಿಡದ ಆ ಹೆಂಗಸು ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಆ ಹೆಜ್ಜೆಗಳನ್ನು ತುಳಿಯದಂತೆ ಬದಿಯಿಂದ ಸುತ್ತಿಕೊಂಡು ಒಳಗೆ ಹೋದರು.